ಚಲಪತಿಯ ಹನ್ನೊಂದು ನಿಮಿಷ

ವೇಣು ತನ್ನ ದೊಡ್ಡಪ್ಪ ಚಲಪತಿಯ ಮುಖವನ್ನು ಸರಿಯಾಗಿ ನೋಡಿದ್ದು ತನಗೆ ಇಪ್ಪತ್ತೈದು ತುಂಬಿದ ಮೇಲೆ, ಅದೂ ಒಂದು ಸಾವಿನ ಮನೆಯ ಮುಂದೆ.

ಅದು 2003ರ ಮಾರ್ಚ್ ತಿಂಗಳು. ಮಂಡಿಕಲ್ ಕಡೆಯ ಒಂದು ಹಳ್ಳಿಯಲ್ಲಿ ಅವನ ತಾಯಿ ಮುನಿಶಾಮಮ್ಮನ ಚಿಕ್ಕಮ್ಮ ಕೊಂಡಮ್ಮ ತೀರಿಕೊಂಡಿದ್ದಳು. ತಂದೆ ಕೋನಪ್ಪ ಶಿಡ್ಲಘಟ್ಟದಲ್ಲಿ ಶಾಲಾ ಮೇಷ್ಟರು. ಪರೀಕ್ಷೆಯ ಕೆಲಸ ಬಿಟ್ಟು ಬರುವಂತಿರಲಿಲ್ಲ. ಬೆಂಗಳೂರಿನಿಂದ ಎರಡು ದಿನದ ಮಟ್ಟಿಗೆ ಬಂದಿದ್ದ ವೇಣುವೇ ತಾಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ.

ಅವರು ತಲುಪುವ ಹೊತ್ತಿಗೆ ಚಟ್ಟ ಕಟ್ಟುತ್ತಿದ್ದರು. ಕಾಲೋನಿಯ ತುದಿಯಲ್ಲಿ ಒಣಗಿದ ಹಿಪ್ಪುನೇರಳೆ ಕಡ್ಡಿಗಳ ಬೆಂಕಿ ಹಾಕಿಕೊಂಡು ಒಬ್ಬ ಮುದುಕ ಕುಕ್ಕರುಗಾಲಲ್ಲಿ ಕೂತು ತಮಟೆ ಕಾಯಿಸುತ್ತಿದ್ದ. ಚರ್ಮಕ್ಕೆ ಬೆರಳು ಬಡಿದು ನೋಡುತ್ತಿದ್ದ, ಮತ್ತೆ ಬೆಂಕಿಗೆ ಹಿಡಿಯುತ್ತಿದ್ದ. ಕೋನಪ್ಪನದೇ ಮೂಗು, ಕೋನಪ್ಪನದೇ ಹಣೆ. ಆದರೆ ಕೋನಪ್ಪನಿಗಿಂತ ಒಂದು ಹಿಡಿ ಕಡಿಮೆ ಮೈ.

"ಅವರೇ ನಿಮ್ಮ ದೊಡ್ಡಪ್ಪ," ಎಂದು ಮುನಿಶಾಮಮ್ಮ ಸೆರಗು ಬಾಯಿಗಡ್ಡ ಹಿಡಿದು ಹೇಳಿದಳು. "ನೋಡ್ಕೊ, ಸಾಕು. ಮಾತಾಡ್ಸಕ್ಕೆ ಹೋಗ್ಬೇಡಪ್ಪ. ನಿಮ್ಮಪ್ಪಂಗೆ ಗೊತ್ತಾದ್ರೆ ಮೂರು ದಿನ ಮನೇಲಿ ಊಟ ಬಿಡ್ತಾರೆ."

ಚಟ್ಟ ಎತ್ತಿದರು. ತಮಟೆ ಶುರುವಾಯಿತು. ಬಲಗೈಯ ದಪ್ಪ ಕೋಲು ನಾಲ್ಕು ಸಲ ಬಿದ್ದು, ಐದನೆಯ ಏಟು ಹಾಕದೆ ಗಾಳಿಯಲ್ಲೇ ತಡೆದು ನಿಲ್ಲುತ್ತಿತ್ತು. ಆ ಖಾಲಿ ಜಾಗದಲ್ಲಿ ಎಡಗೈಯ ಸಣ್ಣ ಕಡ್ಡಿ ಸರ್ರನೆ ಹರಿದು ಹೋಗುತ್ತಿತ್ತು. ಆಮೇಲೆ ಆ ಐದನೆಯ ಏಟು, ಇನ್ನು ಬರುವುದಿಲ್ಲ ಎನ್ನುವಷ್ಟು ತಡವಾಗಿ, ಬೀಳುತ್ತಿತ್ತು. ಹೆಣ ಹೊತ್ತವರ ಕಾಲು ಆ ಏಟಿಗೇ ಕಾದು ನೆಲ ಮುಟ್ಟುತ್ತಿದ್ದವು. ತಾಯಿಯ ಕೈ ಹಿಡಿದುಕೊಂಡಿದ್ದ ವೇಣು ಅದನ್ನು ಬಿಟ್ಟುಬಿಟ್ಟ. ಎರಡು ವರ್ಷದಿಂದ ತಾನು ಹುಡುಕುತ್ತಿದ್ದುದು ಕಣ್ಣ ಮುಂದೆ ನಡೆದುಹೋಗುತ್ತಿತ್ತು.

ಅವನು ಬೆಂಗಳೂರಿನಲ್ಲಿ ಏನು ಮಾಡುತ್ತಾನೆಂದು ಮನೆಯವರಿಗೆ ಸರಿಯಾಗಿ ತಿಳಿದಿರಲಿಲ್ಲ. "ಸೌಂಡ್ ಕಂಪನಿ" ಎಂದು ಹೇಳಿದ್ದ. ಪೂರ್ತಿ ಸುಳ್ಳೇನಲ್ಲ. ಬಿ.ಕಾಂ. ಓದಲು ಹೋದವನು ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಸ್ಪೀಕರು, ಮಿಕ್ಸರು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಸಂಜೆ ಹೊತ್ತು ಕೆಲಸಕ್ಕೆ ಸೇರಿದ್ದ. ಅಲ್ಲಿ ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್ ಇದ್ದವು, ಯಾರೋ ಬಿಟ್ಟುಹೋದ ಒಂದು ಪೆಟ್ಟಿಗೆ ವಿದೇಶಿ ರೆಕಾರ್ಡುಗಳಿದ್ದವು. ಅವನ್ನು ಮುಟ್ಟಿದ ಮೇಲೆ ಅವನ ಓದು ಪಾಸು ಅಂಕಕ್ಕೆ ಇಳಿಯಿತು. 2001ರ ಹೊತ್ತಿಗೆ ನಗರದ ನಡುವಿನ ಒಂದು ಪಬ್ಬಿನಲ್ಲಿ ವಾರಕ್ಕೆರಡು ದಿನ ಅವನೇ ಡಿಜೆ. ಅವನು ಹಾಕುತ್ತಿದ್ದುದು ಬ್ರೇಕ್‌ಬೀಟ್.

ಅದರ ಲೆಕ್ಕ ಇಷ್ಟು: ಹಳೆಯ ರೆಕಾರ್ಡುಗಳಲ್ಲಿ ಹಾಡುವವರು ನಿಂತು, ಮಿಕ್ಕ ವಾದ್ಯಗಳೆಲ್ಲ ಸುಮ್ಮನಾಗಿ, ಡ್ರಮ್ಮಿನವನೊಬ್ಬನೇ ನಾಲ್ಕಾರು ಕ್ಷಣ ಬಾರಿಸುವ ಜಾಗವೊಂದು ಬರುತ್ತದೆ. ಆ ತುಣುಕನ್ನು ಕತ್ತರಿಸಿ ತೆಗೆದು, ತುದಿಗೆ ತುದಿ ಸೇರಿಸಿ, ಮುಗಿಯದಂತೆ ಸುತ್ತಿಸುವುದು. ಅದರ ಏಟುಗಳನ್ನು ಬಿಡಿಸಿ ಹಿಂದುಮುಂದು ಜೋಡಿಸುವುದು. ಜನ ಕುಣಿಯುವುದು ಅದಕ್ಕೆ. ವೇಣು ಕಂಪ್ಯೂಟರಿನಲ್ಲಿ ಇಂಥ ಹತ್ತಾರು ಟ್ರ್ಯಾಕು ಮಾಡಿದ್ದ. ಯಾವುದೂ ಅವನಿಗೇ ಹಿಡಿಸಿರಲಿಲ್ಲ. ಲೋಕದ ಎಲ್ಲ ಡಿಜೆಗಳು ಕತ್ತರಿಸಿ ಸವೆಸಿದ ಅದೇ ಇಪ್ಪತ್ತು ಮೂವತ್ತು ತುಣುಕುಗಳನ್ನೇ ಅವನೂ ಕತ್ತರಿಸುತ್ತಿದ್ದ.

ಕೊಂಡಮ್ಮನ ಮಣ್ಣಾದ ಹದಿನೈದು ದಿನಕ್ಕೆ ವೇಣು ಮನೆಗೆ ಹೇಳದೆ ಸಾದಲಿಯ ಬಸ್ಸು ಹತ್ತಿದ. ಸಾದಲಿಯಿಂದ ಎರಡು ಮೈಲಿ ನಡೆದರೆ ತಂದೆ, ದೊಡ್ಡಪ್ಪನ ಹುಟ್ಟೂರು.

ದೊಡ್ಡಪ್ಪ ಅವನನ್ನು ಕಂಡ ಕೂಡಲೇ ಗುರುತು ಹಿಡಿದ. "ಏಮಿರಾ, ಕೋನಪ್ಪನ ಮಗ ಅಲ್ವಾ ನೀನು? ನಡಿಗೆ ನೋಡಿದ್ರೆ ಗೊತ್ತಾಗ್ತೈತೆ. ಗೋದಮ್ಮಾ, ಯಾರು ಬಂದವ್ನೆ ನೋಡ್ ಬಾ!"

ದೊಡ್ಡಮ್ಮ ಗೋದಮ್ಮ ಒಳಗಿನಿಂದ ಬಂದು ಅವನ ಗಲ್ಲ ಸವರಿ, ಮುದ್ದೆಗೆ ನೀರಿಟ್ಟಳು.

ಊಟವಾದ ಮೇಲೆ ವೇಣು ಚೀಲದಿಂದ ಸದ್ದು ಹಿಡಿದಿಡುವ ಕೈಯಗಲದ ಮಿನಿಡಿಸ್ಕ್ ಯಂತ್ರವನ್ನೂ ಮೈಕನ್ನೂ ತೆಗೆದ. ಚಲಪತಿ ನಕ್ಕ. "ನನ್ನ ಏಟು ಹಿಡಿದಿಟ್ಕೊಂಡು ಏನ್ಮಾಡ್ತೀಯಪ್ಪಾ?" ಎಂದನೇ ಹೊರತು ಬೇಡವೆನ್ನಲಿಲ್ಲ. ರೇಷ್ಮೆ ಹುಳದ ಮನೆ ಆಗ ಖಾಲಿಯಿತ್ತು. ಒಂದು ಬೆಳೆ ಮುಗಿದು, ಮುಂದಿನ ಮೊಟ್ಟೆ ಇನ್ನೂ ಬಂದಿರಲಿಲ್ಲ. ಮಣ್ಣಿನ ದಪ್ಪ ಗೋಡೆ, ಗೋಡೆಗೊರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ಆ ಕೋಣೆಯಲ್ಲಿ ಸದ್ದು ಎಲ್ಲೂ ಒಡೆದು ವಾಪಸು ಬರುತ್ತಿರಲಿಲ್ಲ. ಚಲಪತಿ ಅರ್ಧ ಗಂಟೆ ಬಾರಿಸಿದ. ವೇಣು ಬೆಂಗಳೂರಿಗೆ ಹೋಗಿ ಅದರಲ್ಲಿ ನಾಲ್ಕು ಸೆಕೆಂಡು ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಅಳಿಸಿಹಾಕಿದ. ಆ ಡಿಸ್ಕು ಬೇರೆ ಕೆಲಸಕ್ಕೆ ಬೇಕಾಗಿತ್ತು.

ಆ ನಾಲ್ಕು ಸೆಕೆಂಡಿನ ಮೇಲೆ ಅವನು ಏಳು ತಿಂಗಳು ಕೆಲಸ ಮಾಡಿದ. ಟ್ರ್ಯಾಕಿಗೆ "ಸಾದಲಿ" ಎಂದು ಹೆಸರಿಟ್ಟ. ಮೊದಲ ಸಲ ಪಬ್ಬಿನಲ್ಲಿ ಹಾಕಿದ ರಾತ್ರಿ, ತಡೆದು ನಿಂತ ಆ ಐದನೆಯ ಏಟಿನ ಜಾಗದಲ್ಲಿ ಇನ್ನೂರು ಜನ ಒಂದೇ ಸಲಕ್ಕೆ ಉಸಿರು ಹಿಡಿದದ್ದನ್ನು ಅವನು ಕಂಡ. ಏಟು ಬಿದ್ದಾಗ ನೆಲ ಅದುರಿತು. 2005ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಪುಟ್ಟ ಕಂಪನಿ ಅದನ್ನು ರೆಕಾರ್ಡು ಮಾಡಿ ಹೊರತಂದಿತು. ಡ್ರಮ್ಮು ಯಾರದೆಂದು ಅವರು ಪತ್ರ ಬರೆದು ಕೇಳಿದ್ದರು. ವೇಣು "ಜಾನಪದ" ಎಂದು ಬರೆದು ಕಳಿಸಿದ. ಚಲಪತಿಯ ಹೆಸರು ಹಾಕಿದರೆ ಎಂದಾದರೂ ತಂದೆಯ ಕಣ್ಣಿಗೆ ಬಿದ್ದೀತೆಂಬ ಭಯ ಒಂದು ಕಾರಣ. ಅದು ಒಂದೇ ಕಾರಣವಾಗಿರಲಿಲ್ಲ. ಕವರಿನ ಮೇಲೆ ಒಂದೇ ಹೆಸರಿದ್ದರೆ ಚೆನ್ನ ಎಂದು ಅವನಿಗೆ ಆಗ ಅನ್ನಿಸಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ರೆಕಾರ್ಡು ಓಡಿತು. ಗೋವಾ, ಮುಂಬೈ, ಆಮೇಲೆ ಲಂಡನ್, ಬರ್ಲಿನ್. ವಿದೇಶದವರು ಸಾದಲಿ ಎಂದರೆ ಹುಡುಗಿಯ ಹೆಸರೆಂದು ತಿಳಿದಿದ್ದರು. ವೇಣು ತಿದ್ದಲು ಹೋಗಲಿಲ್ಲ.

2006ರ ಜುಲೈನಲ್ಲಿ ಒಂದು ಕನ್ನಡ ಪತ್ರಿಕೆಯ ಭಾನುವಾರದ ಪುಟದಲ್ಲಿ ಅವನ ಫೋಟೋ ಬಂತು. ಕಿವಿಗೆ ಹೆಡ್‌ಫೋನು, ಕೈ ರೆಕಾರ್ಡಿನ ಮೇಲೆ. ಮೇಲೆ ದಪ್ಪಕ್ಷರದಲ್ಲಿ: ಲಂಡನ್ ಕ್ಲಬ್ಬಿನಲ್ಲಿ ನಮ್ಮ ತಮಟೆ.

ಮಂಗಳವಾರ ತಾಯಿ ಫೋನು ಮಾಡಿ ಬಾ ಎಂದಳು. ಯಾಕೆಂದು ಹೇಳಲಿಲ್ಲ.

ಶಿಡ್ಲಘಟ್ಟದ ಮನೆಯ ನಡುಮನೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಕೋನಪ್ಪನ ಕುರ್ಚಿ. ಮೊಣಕಾಲಿನ ಮೇಲೆ ಆ ಪತ್ರಿಕೆ ಮಡಿಸಿಟ್ಟುಕೊಂಡು ಅವನು ಕೂತಿದ್ದ. ಮಗನನ್ನು ಕೂರು ಎನ್ನಲಿಲ್ಲ.

"ನಾವು ಯಾಕೆ ಆ ಊರು ಬಿಟ್ವಿ, ಗೊತ್ತಾ ನಿನಗೆ?"

"ಅಮ್ಮ ಸ್ವಲ್ಪ ಹೇಳಿದ್ದಾರೆ."

"ನಾನು ಪೂರ್ತಿ ಹೇಳ್ತೀನಿ, ಕೇಳು."

ಕೋನಪ್ಪ ಪಾಠ ಹೇಳುವ ದನಿಯಲ್ಲೇ ಹೇಳಿದ. ಎಂಬತ್ತೆರಡರಲ್ಲಿ ಕಾಲೋನಿಯ ಗಂಡಸರೆಲ್ಲ ಸೇರಿ, ಇನ್ನು ಯಾರ ಹೆಣದ ಮುಂದೆಯೂ ತಮಟೆ ಹೊಡೆಯುವುದಿಲ್ಲವೆಂದು ತೀರ್ಮಾನ ಮಾಡಿದರು. ಮಾಡಿಸಿದವನು ಆಗಷ್ಟೇ ಮೇಷ್ಟರ ತರಬೇತಿ ಟಿ.ಸಿ.ಎಚ್. ಮುಗಿಸಿದ್ದ ಕೋನಪ್ಪನೇ. ಊರಿನವರು ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಇಬ್ಬರು ಹುಡುಗರಿಗೆ ಕೈಕಾಲು ಮುರಿಯುವಂತೆ ಹೊಡೆದರು. ಆದರೂ ಯಾರೂ ತಮಟೆ ಮುಟ್ಟಲಿಲ್ಲ. ನಾಲ್ಕನೆಯ ತಿಂಗಳಿಗೆ ಕೋನಪ್ಪ, ಚಲಪತಿಯರ ತಾಯಿ ಓಬಳಮ್ಮ ಸತ್ತಳು.

"ನಾನು ಬೇಡ ಅಂದೆ. ನಮ್ಮ ತಾಯಿಗೂ ಬೇಡ, ಈ ಸಲ ತಡ್ಕೊಳ್ಳಣ ಅಂದೆ. ಅವನು ಕೇಳಲಿಲ್ಲ. ಅಟ್ಟದಿಂದ ತಮಟೆ ಇಳಿಸ್ದ. ಮನೆಯಿಂದ ಗುಂಡಿ ತನಕ ಹೊಡ್ಕೊಂಡು ಹೋದ. ಎಂಟು ದಿನಕ್ಕೆ ಊರಿನವರು ಬಂದ್ರು. ನಿಮ್ಮ ಹೆಣಕ್ಕೆ ಆಗತ್ತೆ, ನಮ್ಮದಕ್ಕೆ ಯಾಕೆ ಆಗಲ್ಲ ಅಂದ್ರು. ಏನು ಉತ್ತರ ಕೊಡೋದು? ಕಟ್ಟು ಒಡೆದೋಯ್ತು. ಕೈ ಮುರಿಸ್ಕೊಂಡ ಹುಡುಗ ಅದೇ ಕೈಲಿ ಅವರ ಮನೆ ಮುಂದೆ ಹೋಗಿ ಹೊಡೆದ. ಅದನ್ನು ನೋಡಿ ನಾನು ಊರು ಬಿಟ್ಟೆ."

ವೇಣು ಗೋಡೆ ನೋಡುತ್ತ ನಿಂತಿದ್ದ. "ಅಲ್ಲಿ ಅವಮಾನ ಅಂತ ಏನೂ ಇಲ್ಲಪ್ಪಾ," ಎಂದ. "ಕ್ಲಬ್ಬಲ್ಲಿ ಅದಕ್ಕೆ ಮರ್ಯಾದೆ ಇದೆ. ಜನ ಅದಕ್ಕೋಸ್ಕರಾನೇ ಬರ್ತಾರೆ."

"ಮರ್ಯಾದೆ," ಎಂದು ಕೋನಪ್ಪ ಪತ್ರಿಕೆ ಬಿಡಿಸಿದ. "ಇದರಲ್ಲಿ ನಿನ್ನ ಹೆಸರು ಹನ್ನೊಂದು ಸಲ ಇದೆ. ತಮಟೆ ಅಂತ ಎಂಟು ಸಲ ಇದೆ. ನಮ್ಮಣ್ಣನ ಹೆಸರು ಎಲ್ಲಿದೆ?"

ತಂದೆ ಈ ಪ್ರಶ್ನೆ ಕೇಳುತ್ತಾನೆಂದು ವೇಣು ಎಣಿಸಿರಲಿಲ್ಲ.

"ಅದು ಅವನದೇ ಕೈ. ಟಿ.ವಿ.ಯಲ್ಲಿ ಹತ್ತು ಸೆಕೆಂಡು ಕೇಳಿಸಿದ್ರು, ನಂಗೆ ಗೊತ್ತಾಗಲ್ವಾ? ಊರಿನವರು ನಮ್ಮ ಕೈಲಿ ಹೊಡೆಸ್ತಿದ್ರು, ಹೊಡೆದೋನ ಹೆಸರು ಕೇಳ್ತಿರಲಿಲ್ಲ. ನೀನೂ ಕೇಳಿಲ್ಲ. ಅವರಿಗೂ ನಿನಗೂ ಏನು ವ್ಯತ್ಯಾಸ ಬಂತು?"

ಮುನಿಶಾಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಾಕು ಬಿಡ್ರೀ, ಹುಡುಗ ಉಂಡಿಲ್ಲ," ಎಂದಳು. ಆ ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಅದಾದ ಮೇಲೆ ವೇಣು ಮನೆಗೆ ಬರುವುದು ಕಡಿಮೆ ಮಾಡಿದ. ಕಾರ್ಯಕ್ರಮಗಳೇನೂ ನಿಲ್ಲಲಿಲ್ಲ. ಎಲ್ಲಿ ಹೋದರೂ ಜನ "ಸಾದಲಿ" ಕೇಳುತ್ತಿದ್ದರು, ಅವನು ಹಾಕುತ್ತಿದ್ದ. ಆದರೆ ಐದನೆಯ ಏಟಿಗೆ ಎಲ್ಲರೂ ಕೈ ಎತ್ತಿದಾಗ ಅವನಿಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಒಂದು ವರ್ಷ ಹೀಗೆ ಕಳೆಯಿತು. ಜಿಲ್ಲೆ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಕೇಂದ್ರವಾದ ವರ್ಷ, ದೀಪಾವಳಿಯ ಹಿಂದಿನ ವಾರ, ರೆಕಾರ್ಡಿನ ಒಂದು ಪ್ರತಿಯನ್ನೂ ಹೆಡ್‌ಫೋನನ್ನೂ ಹಿಡಿದುಕೊಂಡು ಅವನು ಮತ್ತೆ ದೊಡ್ಡಪ್ಪನ ಮನೆಗೆ ಹೋದ. ತಪ್ಪೊಪ್ಪಿಕೊಳ್ಳಬೇಕೆಂದೇ ಹೋದ.

ಚಲಪತಿ ತುಂಬ ಸೊರಗಿದ್ದ. ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಳ್ಳೆ ಹಾಕುತ್ತಿತ್ತು. ವೇಣು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕು ಹಾಕಿ ಹೆಡ್‌ಫೋನನ್ನು ಅವನ ಕಿವಿಗೆ ತೊಡಿಸಿದ. ಮುದುಕ ಕಣ್ಣು ಮುಚ್ಚಿ ಆರು ನಿಮಿಷವೂ ಕೇಳಿದ. ಮಧ್ಯದಲ್ಲಿ ಒಂದು ಸಲ ಹುಬ್ಬು ಗಂಟಿಕ್ಕಿದ. ಮುಗಿದ ಮೇಲೆ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಂದೇ ಏಟು."

"ಹೂಂ ದೊಡ್ಡಪ್ಪ. ನಿಮ್ಮ ಹೆಸರು ಹಾಕಲಿಲ್ಲ. ತಪ್ಪಾಯ್ತು."

ಚಲಪತಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನ ತಲೆ ಬೇರೆಲ್ಲೋ ಇತ್ತು. "ಹೆಣ ದಾರೀಲೇ ಬಿಟ್ಟಿದ್ದೀಯಲ್ಲಪ್ಪಾ," ಎಂದ.

"ಅಂದ್ರೆ?"

"ಮೂರು ಏಟು ಇರ್ತೈತೆ. ಎತ್ತೋ ಏಟು, ನಡೆಯೋ ಏಟು, ಇಳಿಸೋ ಏಟು. ಎತ್ತೋ ಏಟು ಮನೆಯೋರಿಗೆ, ಅಳೋರಿಗೆ. ನಡೆಯೋದು ಹೊರೋರಿಗೆ, ಭಾರ ಗೊತ್ತಾಗಬಾರದು ಅಂತ. ಇಳಿಸೋದು ಸತ್ತೋರಿಗೆ. ನೀನು ನಡೆಯೋದನ್ನ ಮಾತ್ರ ಕತ್ತರಿಸ್ಕೊಂಡು ಸುತ್ತಿಸಿದ್ದೀಯ. ಅದು ಮುಗಿಯೋದೇ ಇಲ್ಲ. ಪಾಪ, ಯಾರನ್ನೋ ಹೊತ್ಕೊಂಡೇ ಅವ್ರೆ ಜನ. ಎಷ್ಟು ದಿನದಿಂದ ಹೊತ್ಕೊಂಡವ್ರೆ?"

"ಎರಡು ವರ್ಷ."

"ಅಯ್ಯೋ," ಎಂದ ಚಲಪತಿ. ಆ ಒಂದು ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಯಾರೋ ಬಳಲುತ್ತಿದ್ದಾರೆಂಬಂಥ ಮರುಕವಿತ್ತು. ವೇಣುವಿಗೆ ಬೈಸಿಕೊಂಡಿದ್ದರೆ ಹಗುರವಾಗುತ್ತಿತ್ತು.

ಮರುದಿನ ಬೆಳಗ್ಗೆ ಹುಳದ ಮನೆಯಲ್ಲಿ ಚಲಪತಿ ಮೂರು ಏಟುಗಳನ್ನೂ ಮೊದಲಿನಿಂದ ಕೊನೆಯವರೆಗೆ ಬಾರಿಸಿದ. ಗೋದಮ್ಮ ಆ ಸದ್ದು ಕೇಳಲಾರೆನೆಂದು ತೋಟಕ್ಕೆ ಹೋಗಿದ್ದಳು. ಮಧ್ಯೆ ಮಧ್ಯೆ ಉಸಿರು ಸಾಲದೆ ಅವನು ಕೆಮ್ಮಿದ, ಆದರೆ ಕೈ ನಿಲ್ಲಿಸಲಿಲ್ಲ. ಕೊನೆಯಲ್ಲಿ ಏಟುಗಳ ನಡುವಿನ ಜಾಗ ದೊಡ್ಡದಾಗುತ್ತ, ದೊಡ್ಡದಾಗುತ್ತ ಹೋಗಿ, ಇದೇ ಕೊನೆಯದೋ ಇನ್ನೊಂದು ಇದೆಯೋ ಎಂದು ತಿಳಿಯದಂತೆ ನಿಂತಿತು. ಹನ್ನೊಂದು ನಿಮಿಷ.

"ಇದನ್ನ ಕತ್ತರಿಸಬೇಡ," ಎಂದ ಚಲಪತಿ. "ಮಿಕ್ಕಿದ್ದು ನಿನ್ನಿಷ್ಟ."

ವೇಣು ಒಂದು ಮಾತು ಕೇಳಬೇಕೆಂದುಕೊಂಡು ಎರಡು ಸಲ ತಡೆದ. ಬಸ್ಸಿಗೆ ಹೊರಟಾಗ ಕೇಳಿಯೇಬಿಟ್ಟ. "ಅಜ್ಜಿ ಸತ್ತಾಗ ಅಪ್ಪನ ಮಾತು ನೀವು ಯಾಕೆ ಕೇಳಲಿಲ್ಲ?"

"ಅವನು ಹೇಳಿದ್ದು ಸರಿ ಇತ್ತು," ಎಂದ ಚಲಪತಿ ನಿಧಾನವಾಗಿ. "ಸರಿ ಅಂತ ಅವತ್ತೂ ಗೊತ್ತಿತ್ತು. ಆದ್ರೆ ನಮ್ಮಮ್ಮ ಇಪ್ಪತ್ತು ವರ್ಷ ಊರಿನೋರ ಹೆಣದ ಹಿಂದೆ ನಡೆದೋಳು, ನನ್ನ ಏಟು ಕೇಳ್ಕೊಂಡು. ಅವಳನ್ನ ಸದ್ದಿಲ್ಲದಂಗೆ ಹೊತ್ಕೊಂಡು ಹೋಗಕ್ಕೆ ನನ್ನ ಕೈಲಿ ಆಗಲಿಲ್ಲ. ಅಷ್ಟೇ ಕಣಪ್ಪ."

2008ರ ಫೆಬ್ರವರಿಯಲ್ಲಿ ವೇಣು ಬ್ರಿಸ್ಟಲ್‌ನಲ್ಲಿದ್ದ. ಕಾರ್ಯಕ್ರಮ ಮುಗಿಸಿ ಕೋಣೆಗೆ ಬಂದಾಗ ಮೊಬೈಲಿನಲ್ಲಿ ತಾಯಿಯ ನಾಲ್ಕು ಕರೆಗಳಿದ್ದವು. ಚಲಪತಿ ಹಿಂದಿನ ದಿನ ಬೆಳಗ್ಗೆ ತೀರಿಕೊಂಡಿದ್ದ. ಮಣ್ಣೂ ಆಗಿಹೋಗಿತ್ತು.

"ನಿಮ್ಮಪ್ಪ ಹೋಗಿದ್ರು," ಎಂದಳು ಮುನಿಶಾಮಮ್ಮ ಫೋನಿನಲ್ಲಿ. "ಹಳ್ಳೀಲಿ ಈಗ ತಮಟೆ ಹೊಡೆಯೋರು ಯಾರೂ ಇಲ್ವಂತೆ. ಹುಡುಗರೆಲ್ಲ ಒಂದೊಂದು ಕೆಲಸ ಹಿಡಿದವ್ರೆ. ಚಿಂತಾಮಣಿಯಿಂದ ಬ್ಯಾಂಡ್‌ಸೆಟ್ ಕರೆಸಿದ್ರು. ಸಿನಿಮಾ ಹಾಡು ಬಾರಿಸ್ಕೊಂಡು ಕರ್ಕೊಂಡೋದ್ರು ನಿಮ್ಮ ದೊಡ್ಡಪ್ಪನ್ನ. ನಿಮ್ಮಪ್ಪ ಬಂದಾಗಿಂದ ಮಾತೇ ಆಡ್ತಿಲ್ಲಪ್ಪ."

ವೇಣು ಒಂದು ವಾರದ ಮೇಲೆ ಊರಿಗೆ ಬಂದ. ಕೋನಪ್ಪ ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಅದೇ ಕುರ್ಚಿಯಲ್ಲಿ ಕೂತಿದ್ದ. ಈ ಸಲ ಮಗನಿಗೆ ಪಕ್ಕದ ಸ್ಟೂಲು ತೋರಿಸಿದ.

"ಅವನದು ಪೂರ್ತಿ ಹಿಡಿದಿಟ್ಟಿದ್ದೀಯಂತೆ. ಗೋದಮ್ಮತ್ತಿಗೆ ಹೇಳಿದ್ರು."

"ಇದೆ ಅಪ್ಪ. ಈಗಲೇ ಹಾಕಲಾ?"

"ಇಲ್ಲಿ ಬೇಡ," ಎಂದಳು ಮುನಿಶಾಮಮ್ಮ ಒಳಗಿನಿಂದಲೇ. "ಬದುಕಿರೋರ ಮನೆ ಒಳಗೆ ಆ ಏಟು ಬೇಡ."

"ನೀನು ಎಲ್ಲಿ ಹಾಕ್ತೀಯೋ ಅಲ್ಲೇ ಕೇಳ್ತೀನಿ," ಎಂದ ಕೋನಪ್ಪ. "ಯಾರ ಮುಂದೆ ಹಾಕ್ತೀಯ, ಅವರು ಏನು ಮಾಡ್ತಾರೆ, ನಾನೂ ನೋಡ್ಬೇಕು."

ಆ ವರ್ಷ ಬೆಂಗಳೂರಿನ ಪಬ್ಬುಗಳಲ್ಲಿ ಕುಣಿಯಕೂಡದೆಂದು ಪೊಲೀಸರು ಪಟ್ಟು ಹಿಡಿದಿದ್ದರು. ಕುಣಿಯುವ ಜಾಗಕ್ಕೆಲ್ಲ ಮೇಜು ಕುರ್ಚಿ ಬಂದಿದ್ದವು. ಯಾರಾದರೂ ಎದ್ದು ಸೊಂಟ ಆಡಿಸಿದರೆ ಕೆಲಸದವರು ಬಂದು ಕೂರಿಸುತ್ತಿದ್ದರು. ವೇಣು ರೆಕಾರ್ಡು ಹಾಕುತ್ತಿದ್ದ ಪಬ್ಬಿನ ಮ್ಯಾನೇಜರು ಮಧುಸೂದನ್, ಒಳ್ಳೆಯ ಮನುಷ್ಯ, ವ್ಯಾಪಾರ ಬಿದ್ದುಹೋಗಿ ಕಂಗಾಲಾಗಿದ್ದ. ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿನ ಒಂದು ಕಾರ್ಯಕ್ರಮವನ್ನು ವೇಣುವಿಗೆ ಕೊಟ್ಟಿದ್ದ. ಅಂಥ ಒಂದು ಭಾನುವಾರ ಕೋನಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು, ಕೊಡೆ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು ಬಂದ. ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದವನನ್ನು ವೇಣು ತಡೆದು ಒಳಗೆ ಕರೆದೊಯ್ದ.

ಅರವತ್ತು ಎಪ್ಪತ್ತು ಜನ ಮೇಜುಗಳ ಸುತ್ತ ಕೂತಿದ್ದರು. ಕೋನಪ್ಪ ನೀರು ಮಾತ್ರ ತರಿಸಿಕೊಂಡ. ಮೊದಲ ಒಂದು ಗಂಟೆ ವೇಣು ಎಂದಿನಂತೆ ರೆಕಾರ್ಡು ಹಾಕಿದ. ಆಮೇಲೆ ಎರಡೂ ಟರ್ನ್‌ಟೇಬಲ್ ನಿಲ್ಲಿಸಿ ಮೈಕು ತೆಗೆದುಕೊಂಡ. ಏಳು ವರ್ಷದಲ್ಲಿ ಅವನು ಅಲ್ಲಿ ಮೈಕಿನಲ್ಲಿ ಮಾತಾಡಿದ್ದೇ ಇಲ್ಲ.

"ನೀವೆಲ್ಲ ಕೇಳಿರೋ 'ಸಾದಲಿ'ಯ ಡ್ರಮ್ಮು ನನ್ನದಲ್ಲ," ಎಂದ. "ಶಿಡ್ಲಘಟ್ಟ ತಾಲ್ಲೂಕು ಸಾದಲಿ ಹೋಬಳಿಯ ಚಲಪತಿ ಅವರದು. ಅವರು ನನ್ನ ದೊಡ್ಡಪ್ಪ. ಮೂರು ವರ್ಷ ನಾನು ಅವರ ಹೆಸರು ಹೇಳಿಲ್ಲ. ಹೋದ ತಿಂಗಳು ಅವರು ತೀರಿಕೊಂಡ್ರು. ಇದು ಅವರ ಏಟು. ಕತ್ತರಿಸಿಲ್ಲ."

ಹನ್ನೊಂದು ನಿಮಿಷ ಅದೊಂದೇ ಸದ್ದು. ಮೊದಲ ಮೂರು ನಿಮಿಷಕ್ಕೆ ಎರಡು ಮೇಜಿನವರು ಎದ್ದುಹೋದರು. ಯಾರೋ ನಕ್ಕು, ಪಕ್ಕದವರನ್ನು ನೋಡಿ ಸುಮ್ಮನಾದರು. ನಡೆಯುವ ಏಟು ಬಂದಾಗ ಗುರುತು ಹತ್ತಿದ ಕೆಲವರು ಎದ್ದು ನಿಲ್ಲಲು ಹೋಗಿ, ಏಳಬಾರದೆಂಬುದು ನೆನಪಾಗಿಯೋ ಏನೋ, ಮತ್ತೆ ಕೂತರು. ಆಮೇಲೆ ಯಾರೂ ಅಲ್ಲಾಡಲಿಲ್ಲ. ಸ್ಪೀಕರಿನಲ್ಲಿ ಚಲಪತಿ ಕೆಮ್ಮಿದ್ದು ಕೇಳಿಸಿತು. ವೇಣು ತಂದೆಯ ಕಡೆ ನೋಡಿದ. ಕೋನಪ್ಪ ಎರಡೂ ಕೈ ಮೇಜಿನ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಪಕ್ಕದಲ್ಲಿ ಮುನಿಶಾಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಇಳಿಸುವ ಏಟು ನಿಧಾನವಾಗುತ್ತ ಬಂದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವೇಣು ಮತ್ತೆ ಏನನ್ನೂ ಹಾಕದೆ ಮಿಕ್ಸರಿನ ದೀಪ ಆರಿಸಿದ.

ಮಧುಸೂದನ್ ಬಾಗಿಲ ತನಕ ಬಂದ. "ವೇಣು, ನಂಗೆ ಅರ್ಥ ಆಗತ್ತೆ. ಆದ್ರೆ ಓನರ್ ಇಲ್ಲೇ ಇದ್ರು. ಇನ್ನು ಭಾನುವಾರ ಬೇಡ ಅಂತ ಹೇಳಿ ಹೋದ್ರು," ಎಂದ. ವೇಣು ಆಗಲಿ ಎಂದ.

ಮೂವರೂ ಬಸ್ ನಿಲ್ದಾಣಕ್ಕೆ ಬಂದು ಸಿಮೆಂಟಿನ ಕಟ್ಟೆಯ ಮೇಲೆ ಕೂತರು. ಬಿಸಿಲು ಇನ್ನೂ ಇತ್ತು. ಕೋನಪ್ಪ ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ.

"ಅಮ್ಮನ ಚಟ್ಟಕ್ಕೆ ಮುಂದಿನ ಬಲಗಡೆ ಹೆಗಲು ಕೊಟ್ಟೋನು ನಾನು. ಅವನು ಮುಂದೆ ಹೊಡೀತಾ ಹೋಗ್ತಿದ್ದ. ಅವನ ಏಟಿಗೆ ಹೆಜ್ಜೆ ಹಾಕಬಾರದು ಅಂತ ಹಲ್ಲು ಕಚ್ಚಿ ನಡೆದೆ. ಹತ್ತು ಹೆಜ್ಜೆ ಆಗಲಿಲ್ಲ, ನನ್ನ ಕಾಲು ಅವನ ಏಟಿಗೇ ಬಿದ್ವು. ಭಾರ ಗೊತ್ತೇ ಆಗಲಿಲ್ಲ. ಗುಂಡಿ ತನಕ ಹಂಗೇ ಹೋದೆ." ಅವನು ಕೊಡೆಯ ಹಿಡಿಯನ್ನು ತಿರುಗಿಸುತ್ತಿದ್ದ. "ಕಟ್ಟು ಒಡೆದ ಅಂತ ಅವನ ಮೇಲೆ ಸಿಟ್ಟು ಅಂತಾನೇ ಇಪ್ಪತ್ತಾರು ವರ್ಷ ಎಲ್ಲರಿಗೂ ಹೇಳ್ದೆ. ನನ್ನ ಕಾಲಿನ ವಿಷಯ ಯಾರಿಗೂ ಹೇಳಲಿಲ್ಲ."

ವೇಣು ತಂದೆಯ ಕೈ ಮುಟ್ಟಿದ. ಕೋನಪ್ಪ ಬಿಡಿಸಿಕೊಳ್ಳಲಿಲ್ಲ. ಆದರೆ ದನಿ ಗಟ್ಟಿ ಮಾಡಿದ.

"ಹಂಗಂತ ಬಿಟ್ಟಿದ್ದು ತಪ್ಪು ಅಂತ ತಿಳ್ಕೊಬೇಡ. ಬಿಟ್ಟಿದ್ದು ಸರಿ. ಅವನ ಕೈ ಚೆನ್ನಾಗಿತ್ತು ಅನ್ನೋದೂ ನಿಜ, ಆ ಕೆಲಸ ನಮ್ಮ ಕತ್ತಿಗೆ ಕಟ್ಟಿದ್ದು ಅನ್ನೋದೂ ನಿಜ. ಒಂದನ್ನ ಹೇಳಿ ಇನ್ನೊಂದನ್ನ ಬಿಟ್ರೆ ಕೇಳಿದೋರು ಬರೀ ತಲೆ ಆಡಿಸಿ ಹೋಗ್ತಾರೆ."

"ಹಂಗಾದ್ರೆ ನೀವೇ ಬರ್ಕೊಡಿ," ಎಂದ ವೇಣು. "ನಾನು ಪೂರ್ತಿ ಹನ್ನೊಂದು ನಿಮಿಷ ರೆಕಾರ್ಡು ಮಾಡಿಸ್ತೀನಿ. ಕವರಿನ ಹಿಂದೆ ನಿಮ್ಮ ಮಾತು ಹಾಕ್ತೀನಿ."

ಕೋನಪ್ಪ ಬರೆಯಲು ಎಂಟು ತಿಂಗಳು ತೆಗೆದುಕೊಂಡ. ಒಂದು ಪುಟ ಬರೆದು ಹರಿಯುವುದು, ಮತ್ತೆ ಬರೆಯುವುದು. ಕೈ ಮುರಿಸಿಕೊಂಡ ಇಬ್ಬರು ಹುಡುಗರ ಹೆಸರು ಸರಿಯಾಗಿ ಬರಬೇಕೆಂದು ಒಬ್ಬನನ್ನು ಹುಡುಕಿಕೊಂಡು ಗೌರಿಬಿದನೂರಿಗೂ ಹೋಗಿ ಬಂದ. ಬ್ರಿಸ್ಟಲ್‌ನವರು ಇದು ಡಿಜೆಗಳ ಕೆಲಸಕ್ಕೆ ಬರುವುದಿಲ್ಲವೆಂದು ಬರೆದರು. ವೇಣು ತಾನೇ ಮುನ್ನೂರು ಪ್ರತಿ ಮಾಡಿಸಿದ. 2009ರ ಏಪ್ರಿಲ್‌ನಲ್ಲಿ ಅದು ಕೈಗೆ ಬಂತು. ಹೆಚ್ಚೇನೂ ಹೋಗಲಿಲ್ಲ. ಒಬ್ಬಿಬ್ಬರು ಡಿಜೆಗಳು, ಇದನ್ನು ಬೇರೆ ಯಾವುದರ ಜೊತೆಗೂ ಬೆರೆಸಲಾಗದು, ಎಲ್ಲಿ ಕತ್ತರಿಸಬೇಕೋ ತಿಳಿಯದು ಎಂದು ಬರೆದರು. ಪಬ್ಬುಗಳಿಂದ ಕರೆ ಬರುವುದು ಅಷ್ಟರಲ್ಲಿ ನಿಂತೇಹೋಗಿತ್ತು. ವೇಣು ಚಿಕ್ಕಬಳ್ಳಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ರೆಕಾರ್ಡಿಂಗ್ ಕೆಲಸ ಶುರುಮಾಡಿದ್ದ. ಸಂಘಗಳ ಹಾಡು, ಮದುವೆಯ ವೀಡಿಯೊಗೆ ಸಂಗೀತ, ಆಗೊಮ್ಮೆ ಈಗೊಮ್ಮೆ ದೂರದೂರಿನ ಒಂದು ಕಾರ್ಯಕ್ರಮ. ಅದರಲ್ಲಿ ಜೀವನ ನಡೆಯುತ್ತಿತ್ತು.

ಮೊದಲ ಪ್ರತಿಯನ್ನು ಕೊಡಲು ತಂದೆ ಮಗ ಇಬ್ಬರೂ ಗೋದಮ್ಮನ ಮನೆಗೆ ಹೋದರು. ಕೋನಪ್ಪ ಆ ಹೊಸ್ತಿಲನ್ನು ಇಪ್ಪತ್ತೇಳು ವರ್ಷದ ಮೇಲೆ ದಾಟಿದ. ಹೋದ ವರ್ಷ ಮಣ್ಣಿಗೆ ಬಂದವನು ಅಂಗಳದಲ್ಲೇ ನಿಂತು ಹಿಂತಿರುಗಿದ್ದ.

ಗೋದಮ್ಮನ ಮನೆಯಲ್ಲಿ ರೆಕಾರ್ಡು ಕೇಳುವ ಯಂತ್ರವಿರಲಿಲ್ಲ. ಅವಳಿಗೆ ಓದಲೂ ಬರುತ್ತಿರಲಿಲ್ಲ. ದೊಡ್ಡ ಚೌಕದ ಕವರನ್ನು ಎರಡು ಕೈಯಲ್ಲಿ ಹಿಡಿದು, ಗಂಡನ ಹೆಸರು ಯಾವುದೆಂದು ಕೇಳಿ, ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕವರು ತಿರುಗಿಸಿ ಮೈದುನನ ಕೈಗೆ ಕೊಟ್ಟಳು.

ಕೋನಪ್ಪ ಕನ್ನಡಕ ಹಾಕಿಕೊಂಡು ಓದಿದ. ಕಾಲೋನಿಯ ತೀರ್ಮಾನ, ಉಪ್ಪು ಕೊಡದ ಅಂಗಡಿ, ಹುಡುಗರ ಹೆಸರು, ಓಬಳಮ್ಮನ ಸಾವು. ಅಣ್ಣ ಹೊಡೆದದ್ದು, ತಾನು ಬೇಡವೆಂದದ್ದು, ತನ್ನ ಕಾಲು ಅವನ ಏಟಿಗೆ ಬಿದ್ದದ್ದು. ನಮ್ಮಣ್ಣ ಚಲಪತಿಯಷ್ಟು ಚೆನ್ನಾಗಿ ತಮಟೆ ಬಾರಿಸುವವರು ಈ ಸೀಮೆಯಲ್ಲಿ ಇರಲಿಲ್ಲ, ನಮ್ಮ ಮಕ್ಕಳ ಕಾಲಕ್ಕೆ ಯಾರ ಬಲವಂತಕ್ಕೂ ಯಾರೂ ಬಾರಿಸಬೇಕಾಗದಿರಲಿ ಎಂಬಲ್ಲಿಗೆ ಅದು ಮುಗಿಯುತ್ತಿತ್ತು.

ಗೋದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬದುಕಿದ್ದಾಗ ಒಂದ್ಸಲ ಬಂದು ಇದೇ ಮಾತು ಹೇಳಿದ್ರೆ ಆಗ್ತಿರಲಿಲ್ವಾ, ಕೋನಪ್ಪಾ?"

"ಆಗ್ತಿತ್ತು ಅತ್ತಿಗೆ," ಎಂದ ಕೋನಪ್ಪ.

ವೇಣು ತಲೆ ತಗ್ಗಿಸಿ ಕೂತಿದ್ದ. ಆ ಮಾತು ತಂದೆಗೊಬ್ಬನಿಗೇ ಹೇಳಿದ್ದಲ್ಲವೆಂದು ಅವನಿಗೆ ತಿಳಿದಿತ್ತು. ಹೊರಗೆ ಯಾರೋ ಸೊಪ್ಪಿನ ಹೊರೆ ಇಳಿಸಿ ಗೋದಮ್ಮನನ್ನು ಕೂಗಿದರು. ಅವಳು ಬಂದೆ ಎಂದಳು, ಆದರೆ ಏಳಲಿಲ್ಲ.

"ಇನ್ನೊಂದ್ಸಲ ಓದು," ಎಂದಳು. "ನಿಧಾನಕ್ಕೆ ಓದಪ್ಪ."

ಕೋನಪ್ಪ ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಮತ್ತೆ ಓದತೊಡಗಿದ.